ಕಳಿಸಿದ ಮೇಲೆ

2023ರ ಫೆಬ್ರವರಿ. ಟರ್ಕಿ, ಸಿರಿಯಾದಲ್ಲಿ ಭೂಕಂಪ ಆಗಿ ನಾಲ್ಕೈದು ದಿನ ಆಗಿತ್ತು. ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಒಂದು ಮೆಸೇಜ್ ಬಂತು: 'ಮನೆಯಲ್ಲಿ ಬಳಸದೆ ಉಳಿದಿರುವ ಔಷಧಿ, ಬ್ಯಾಂಡೇಜು, ಮಾಸ್ಕ್ ಏನಿದ್ದರೂ ಶನಿವಾರದೊಳಗೆ ಕ್ಲಬ್‌ಹೌಸಿಗೆ ತಂದುಕೊಡಿ. ಅಲ್ಲಿಗೆ ಕಳಿಸುವ ವ್ಯವಸ್ಥೆ ಆಗಿದೆ.' ಅದರ ಕೆಳಗೆ ಕೈಮುಗಿದ ಇಮೋಜಿಗಳ ಸಾಲು. ಶನಿವಾರ ಸಂಜೆ ಹೊತ್ತಿಗೆ ಮೂರು ರಟ್ಟಿನ ಪೆಟ್ಟಿಗೆ ತುಂಬಿದ್ದವು. ವಿಂಗಡಿಸೋಕೆ ಕೈ ಎತ್ತಿದವರು ಇಬ್ಬರೇ. ಒಬ್ಬರು ಬಿ ಬ್ಲಾಕಿನ ಆಂಟಿ, ನಿವೃತ್ತ ಫಾರ್ಮಸಿಸ್ಟ್. ಇನ್ನೊಬ್ಬ ನಾನು.

ಪೆಟ್ಟಿಗೆ ಬಿಚ್ಚಿದರೆ ಒಂದು ಇಡೀ ಅಪಾರ್ಟ್‌ಮೆಂಟಿನ ಆರೋಗ್ಯ ಚರಿತ್ರೆಯೇ ಅದರಲ್ಲಿತ್ತು. ನಾಲ್ಕು ಮಾತ್ರೆ ಉಳಿದ ಡೋಲೋ ಸ್ಟ್ರಿಪ್ಪು. ಎಕ್ಸ್‌ಪೈರಿ ದಿನಾಂಕ ಇದ್ದ ತುದಿಯನ್ನೇ ಕತ್ತರಿಸಿದ ಆ್ಯಂಟಿಬಯೋಟಿಕ್. ಮುಚ್ಚಳದ ಸುತ್ತ ಸಕ್ಕರೆ ಗಟ್ಟಿಯಾದ, ಅರ್ಧ ಖಾಲಿ ಕೆಮ್ಮಿನ ಸಿರಪ್ಪು. ಕೋವಿಡ್ ಕಾಲದಲ್ಲಿ ಹೆದರಿ ತಂದಿಟ್ಟ ಐವರ್‌ಮೆಕ್ಟಿನ್ ಅಂತೂ ಧಾರಾಳ. ಫ್ರಿಜ್ಜಿನಿಂದ ಯಾವಾಗಲೋ ಹೊರಗೆ ಬಂದ ಎರಡು ಇನ್ಸುಲಿನ್ ಪೆನ್ನು. ಅವನ್ನು ಬಳಸುತ್ತಿದ್ದವರು ಈಗಿಲ್ಲ ಅಂತ ಆಂಟಿಗೆ ಗೊತ್ತಿತ್ತು. ಅವರು ಕನ್ನಡಕ ತೆಗೆದು ನನ್ನ ಮುಖ ನೋಡಿದರು.

'ಇದನ್ನ ತಗೊಂಡು ಹೋಗಿ ನಮ್ಮ ಜಯನಗರದ ಸರ್ಕಾರಿ ಆಸ್ಪತ್ರೆಗೆ ಕೊಟ್ರೆ ತಗೋತಾರಾ?'

'ತಗೊಳಲ್ಲ ಆಂಟಿ.'

'ಮತ್ತೆ ಅವರು ಯಾಕಪ್ಪಾ ತಗೋಬೇಕು?'

ಗುಂಪಿನಲ್ಲಿ ನಾನು ಒಂದೇ ಒಂದು ಪ್ರಶ್ನೆ ಹಾಕಿದೆ: 'ಈ ಔಷಧಿ ಬೇಕು ಅಂತ ಅಲ್ಲಿಂದ ಯಾರಾದ್ರೂ ಕೇಳಿದ್ದಾರಾ?' ಉತ್ತರ ಸಿಗಲಿಲ್ಲ, ಬೈಗುಳ ಸಿಕ್ಕಿತು. ಕೊಡೋ ಮನಸ್ಸಿಲ್ಲದವರು ಸುಮ್ಮನಿದ್ದರೆ ಸಾಕು ಅಂತ ಒಬ್ಬರು. ಸಾಯ್ತಿರೋರ ಹತ್ತಿರ ಚೀಟಿ ಕೇಳ್ತೀರಾ ಅಂತ ಇನ್ನೊಬ್ಬರು. ಎರಡನೆಯ ಮಾತು ಚುರುಕಾಗಿತ್ತು, ಒಪ್ಪಿಕೊಳ್ಳಬೇಕು. ಸ್ವಲ್ಪ ಹೊತ್ತು ನನಗೇ ನಾಚಿಕೆ ಆಯಿತು.

ಆದರೆ ಆ ಪ್ರಶ್ನೆ ನನಗೆ ಜಿಪುಣತನದಿಂದ ಬಂದದ್ದಲ್ಲ. ನಮ್ಮ ಮನೆಯ ಅಟ್ಟದ ಮೇಲೆ ಒಂದು ಯಂತ್ರ ಇದೆ, ಅದರಿಂದ ಬಂದದ್ದು. ಅದರ ಕತೆಗೆ ಆಮೇಲೆ ಬರ್ತೀನಿ. ಮೊದಲು, ಇಂಥ ಪೆಟ್ಟಿಗೆಗಳು ನಿಜಕ್ಕೂ ಹೋಗಿ ತಲುಪಿದಾಗ ಏನಾಗಿದೆ ನೋಡೋಣ.

1988ರ ಡಿಸೆಂಬರಿನಲ್ಲಿ ಅರ್ಮೇನಿಯಾದಲ್ಲಿ ಭಾರಿ ಭೂಕಂಪ ಆಯಿತು. ಲೋಕವೆಲ್ಲ ಮರುಗಿತು. ಸುಮಾರು 5,000 ಟನ್ ಔಷಧಿ ಮತ್ತು ವೈದ್ಯಕೀಯ ಸಾಮಗ್ರಿ ಬಂದು ಬಿತ್ತು. ಬಂದಿರೋದು ಏನು ಅಂತ ತಿಳಿಯುವುದಕ್ಕೇ 50 ಜನ ಆರು ತಿಂಗಳು ಕೂತು ಲೆಕ್ಕ ಹಾಕಬೇಕಾಯಿತು. ನೂರಕ್ಕೆ 8 ಭಾಗ ಬರುವಾಗಲೇ ಅವಧಿ ಮುಗಿದದ್ದು. 4 ಭಾಗ ಚಳಿಗೆ ಹೆಪ್ಪುಗಟ್ಟಿ ಹಾಳಾಯಿತು. ಉಳಿದದ್ದರಲ್ಲಿ ಇದು ಇಂಥ ಔಷಧಿ ಅಂತ ಸುಲಭವಾಗಿ ಗುರುತು ಹಿಡಿಯಲು ಆಗಿದ್ದು ನೂರಕ್ಕೆ 30 ಭಾಗ. ಅದೇ ಸುಮಾರಿಗೆ, ಸ್ವಾತಂತ್ರ್ಯಕ್ಕಾಗಿ ಯುದ್ಧ ಮಾಡುತ್ತಿದ್ದ ಎರಿಟ್ರಿಯಾಕ್ಕೆ ಏಳು ಲಾರಿ ಅವಧಿ ಮುಗಿದ ಆಸ್ಪಿರಿನ್ ಹೋಗಿತ್ತು. ಅದನ್ನು ಸುಟ್ಟು ಮುಗಿಸೋಕೆ ಆರು ತಿಂಗಳು ಹಿಡಿಯಿತು. ಯುದ್ಧದ ನಡುವೆ ಒಂದು ಬಡ ದೇಶ ಯಾರದೋ ಹಳೇ ತಲೆನೋವಿನ ಮಾತ್ರೆ ಸುಡುತ್ತಾ ಕೂತಿದ್ದನ್ನು ಊಹಿಸಿಕೊಳ್ಳಿ.

ಬೋಸ್ನಿಯಾದ್ದು ಇನ್ನೂ ದೊಡ್ಡದು. 1992ರಿಂದ 1996ರ ನಡುವೆ ಅಲ್ಲಿಗೆ ಹೋದ ದಾನದಲ್ಲಿ ಸುಮಾರು 17,000 ಟನ್ ಔಷಧಿ ಕೆಲಸಕ್ಕೆ ಬಾರದ್ದು ಅಂತ ಒಂದು ವೈದ್ಯಕೀಯ ಪತ್ರಿಕೆಯ ಲೇಖನ ಅಂದಾಜಿಸಿತು. ಅದನ್ನು ವಿಲೇವಾರಿ ಮಾಡೋಕೇ 3.4 ಕೋಟಿ ಡಾಲರ್ ಬೇಕು ಅಂತಲೂ ಲೆಕ್ಕ ಕೊಟ್ಟಿತು. ನಮ್ಮ ಮನೆಯ ಕಸ ನಮ್ಮ ಊರಿನಲ್ಲಿ ಹಾಕಿದರೆ ನಾವು ದುಡ್ಡು ಕೊಡಬೇಕು, ದಾನ ಅಂತ ಕಳಿಸಿದರೆ ತೆಗೆದುಕೊಂಡವರು ಕೊಡಬೇಕು.

ಇದನ್ನೆಲ್ಲ ನೋಡಿ ವಿಶ್ವ ಆರೋಗ್ಯ ಸಂಸ್ಥೆ 1996ರಲ್ಲಿ ಔಷಧಿ ದಾನಕ್ಕೆ ಅಂತಲೇ ಒಂದಿಷ್ಟು ನಿಯಮ ಮಾಡಿತು. ಓದಿದರೆ ಇದಕ್ಕೆ ನಿಯಮ ಬೇರೆ ಬೇಕಾ ಅನಿಸುತ್ತೆ, ಅಷ್ಟು ಸಾದಾ. ಅವರು ಏನು ಬೇಕು ಅಂತ ಹೇಳಿದ್ದಾರೋ ಅದನ್ನೇ ಕಳಿಸಿ. ರೋಗಿಗೆ ಕೊಟ್ಟು ವಾಪಸ್ ಬಂದ ಔಷಧಿ ಬೇಡ. ತಲುಪಿದ ಮೇಲೆ ಕನಿಷ್ಠ ಒಂದು ವರ್ಷ ಬಾಳಿಕೆ ಇರಲಿ. ಲೇಬಲ್ ಅಲ್ಲಿನ ವೈದ್ಯರಿಗೆ ಓದಲು ಬರುವ ಭಾಷೆಯಲ್ಲಿ ಇರಲಿ. ಅದಾಗಿ ಎಂಟೇ ವರ್ಷಕ್ಕೆ ಸುನಾಮಿ ಬಂತು. ಇಂಡೋನೇಷ್ಯಾದ ಆಚೆ ಪ್ರಾಂತ್ಯದ ಸುಮಾರು 20 ಲಕ್ಷ ಜನಕ್ಕೆ 4,000 ಟನ್ ಔಷಧಿ ಹೋಯಿತು. ತಲೆಗೆ ಎರಡು ಕಿಲೋ! ಬಹುಪಾಲಿನ ಮೇಲೆ ಅಲ್ಲಿನವರಿಗೆ ಓದಲಾಗದ ಭಾಷೆ.

ಈಗ ಅಟ್ಟದ ಮೇಲಿನ ಯಂತ್ರ.

2021ರ ಮೇ ತಿಂಗಳು ಬೆಂಗಳೂರಿನಲ್ಲಿ ಇದ್ದವರಿಗೆ ಏನೂ ವಿವರಿಸಬೇಕಾಗಿಲ್ಲ. ಹನುಮಂತನಗರದಲ್ಲಿದ್ದ ನಮ್ಮ ಚಿಕ್ಕಪ್ಪನಿಗೆ ಸ್ಯಾಚುರೇಷನ್ 89ಕ್ಕೆ ಇಳಿದಿತ್ತು. 1912ಕ್ಕೆ ಫೋನ್ ಮಾಡಿದರೆ ಬಿಯು ನಂಬರ್ ಕೇಳುತ್ತಿದ್ದರು. ನಂಬರ್ ಬರುವ ಹೊತ್ತಿಗೆ ಬೆಡ್ ಇರುತ್ತಿರಲಿಲ್ಲ. ಅದೇ ತಿಂಗಳ ಆರಂಭದಲ್ಲಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಒಂದೇ ರಾತ್ರಿಗೆ 24 ಜನ ತೀರಿಕೊಂಡಿದ್ದರು. ಆಮ್ಲಜನಕ ಅನ್ನೋ ಪದ ಶಾಲೆಯ ಪುಸ್ತಕದಿಂದ ಎದ್ದು ಬಂದು ಮನೆಮನೆಯ ಮಾತಾಗಿತ್ತು.

ನ್ಯೂಜೆರ್ಸಿಯಲ್ಲಿ ನಮ್ಮ ಅತ್ತೆಯ ಮಗ ಇದ್ದಾರೆ. ಚಿಕ್ಕಪ್ಪ ಅವರಿಗೆ ಸೋದರಮಾವ. ಅಲ್ಲಿನ ಕನ್ನಡದ ಗೆಳೆಯರೆಲ್ಲ ಸೇರಿ ದುಡ್ಡು ಹಾಕಿ ಆಕ್ಸಿಜನ್ ಕಾನ್ಸಂಟ್ರೇಟರ್‌ಗಳನ್ನು ಕೊಂಡು ಕಳಿಸುತ್ತಿದ್ದರು. ಉಡುಗೊರೆಯಾಗಿ ಕೊರಿಯರ್‌ನಲ್ಲಿ ತರಿಸಿಕೊಳ್ಳೋಕೆ ಸರ್ಕಾರವೂ ಏಪ್ರಿಲ್ 30ಕ್ಕೆ ಅನುಮತಿ ಕೊಟ್ಟಿತ್ತು. ಭಾವ ಮೊದಲ ಕಂತಿನಲ್ಲೇ ಒಂದನ್ನು ನಮ್ಮ ವಿಳಾಸಕ್ಕೆ ಹಾಕಿಸಿದರು. ಅದು ಬಂದ ದಿನ ಚಿಕ್ಕಮ್ಮ ಪೆಟ್ಟಿಗೆಗೆ ಕುಂಕುಮ ಇಟ್ಟರು. ನಾನು ಫೋಟೋ ತೆಗೆದು ಕಳಿಸಿದೆ. 'ತಲುಪಿತು ಭಾವ. ದೇವರ ಹಾಗೆ ಬಂದಿರಿ' ಅಂತ ಬರೆದೆ. ಅಷ್ಟಾದ ಮೇಲೆ ಪ್ಲಗ್ ನೋಡಿದೆ.

ಚಪ್ಪಟೆ ಕಡ್ಡಿಯ ಅಮೆರಿಕದ ಪ್ಲಗ್. ಅದಕ್ಕೆ ಅಡಾಪ್ಟರ್ ಇತ್ತು, ಮನೆಯಲ್ಲಿ. ಯಂತ್ರದ ಬೆನ್ನಿನ ಮೇಲೆ ಬರೆದಿತ್ತು: 115 ವೋಲ್ಟ್, 60 ಹರ್ಟ್ಸ್. ನಮ್ಮ ಗೋಡೆಯಲ್ಲಿ ಬರೋದು 230, 50. ನೇರ ಹಾಕಿದರೆ ಸುಟ್ಟೇ ಹೋಗುತ್ತೆ ಅಂತ ಎಲೆಕ್ಟ್ರಿಷಿಯನ್ ಫೋನಿನಲ್ಲೇ ಹೇಳಿದ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು ಸಾರ್, ಸಣ್ಣದು ಆಗಲ್ಲ, ಎಸ್‌ಪಿ ರೋಡಲ್ಲಿ ಸಿಗುತ್ತೆ. ಎಸ್‌ಪಿ ರೋಡು ಲಾಕ್‌ಡೌನಿನಲ್ಲಿ ಮುಚ್ಚಿತ್ತು. ಎರಡನೇ ದಿನ ರಾತ್ರಿ, ಯಾರದೋ ಪರಿಚಯದಿಂದ, ಶಟರ್ ಅರ್ಧ ಎತ್ತಿಸಿ ಒಂದು ತಂದೆವು. ವೋಲ್ಟೇಜ್ ಇಳಿಯಿತು, ಆದರೆ ಹರ್ಟ್ಸ್ ಟ್ರಾನ್ಸ್‌ಫಾರ್ಮರಿನಿಂದ ಬದಲಾಗಲ್ಲವಲ್ಲ. ಯಂತ್ರ ಶುರುವಾಗಿ, ಬಿಸಿಯಾಗಿ, ಅರ್ಧ ಗಂಟೆಗೊಮ್ಮೆ ಕಿರುಚಿಕೊಂಡು ಕೆಂಪು ದೀಪ ತೋರಿಸುತ್ತಿತ್ತು. ಮೂರನೇ ಬೆಳಿಗ್ಗೆ ಚಿಕ್ಕಪ್ಪನಿಗೆ ಬೆಡ್ ಸಿಕ್ಕಿತು. ಹತ್ತನೇ ದಿನ ಅವರು ಹೋದರು.

ಯಂತ್ರ ಮೊದಲ ದಿನವೇ ಓಡಿದ್ದರೆ ಅವರು ಉಳೀತಿದ್ರಾ? ಗೊತ್ತಿಲ್ಲ, ಡಾಕ್ಟರೂ ಹೇಳಲಾರರು. ನನ್ನನ್ನು ಕೊರೆಯುವುದು ಅದಲ್ಲ. ನಾವು ಭಾವನಿಗೆ ಹೇಳಲೇ ಇಲ್ಲ, ಅದು. ಕುಂಕುಮದ ಪೆಟ್ಟಿಗೆಯ ಫೋಟೋ ಅವರ ಗುಂಪಿನಲ್ಲೆಲ್ಲ ಓಡಾಡಿತು. ಅದನ್ನು ನೋಡಿ ಇನ್ನಷ್ಟು ಜನ ದುಡ್ಡು ಕೊಟ್ಟರು. ಅಷ್ಟು ಪ್ರೀತಿಯಿಂದ, ಅಷ್ಟು ಖರ್ಚು ಮಾಡಿ, ಕೆಲಸ ಬಿಟ್ಟು ಓಡಾಡಿ ಕಳಿಸಿದವರಿಗೆ 'ನೀವು ಕಳಿಸಿದ್ದು ಇಲ್ಲಿ ಓಡಲ್ಲ' ಅಂತ ಹೇಗೆ ಹೇಳೋದು? ಚಿಕ್ಕಮ್ಮನಂತೂ ಹೇಳಬೇಡ ಅಂತ ಕೈ ಹಿಡಿದುಕೊಂಡರು.

ಅರ್ಮೇನಿಯಾದ ಲೆಕ್ಕ ಆಮೇಲೆ ಓದಿದಾಗ ನನಗೆ ಹೊಳೆದದ್ದು ಇದು. ಅಂಥ ದಾನ ಮತ್ತೆ ಮತ್ತೆ ಯಾಕೆ ನಡೆಯುತ್ತೆ ಅಂದರೆ, ತೆಗೆದುಕೊಂಡವರು ಪ್ರತಿ ಸಲ ಥ್ಯಾಂಕ್ಸ್ ಹೇಳುತ್ತಾರೆ. ಅವರಿಗೆ ಬೇರೆ ದಾರಿ ಇಲ್ಲ. ನಾಳೆ ನಿಜವಾಗಿ ಬೇಕಾದದ್ದು ಅದೇ ಕೈಯಿಂದ ಬರಬಹುದು. ನಮ್ಮಲ್ಲಿ ದಾನದ ಬಗ್ಗೆ ದೇಶ, ಕಾಲ, ಪಾತ್ರ ನೋಡಿ ಕೊಡಬೇಕು ಅನ್ನುವ ಮಾತಿದೆ. ಪಾತ್ರ ಅಂದರೆ ತಗೊಳ್ಳೋನು ಯೋಗ್ಯನಾ ಅಂತ ನೋಡೋದು ಅಂತಲೇ ನಾವು ಅರ್ಥ ಮಾಡಿಕೊಂಡು ಬಂದಿದ್ದೇವೆ. ಕೊಡೋನು ಯೋಗ್ಯನಾ, ಅವನಿಗೆ ಆ ಮನೆಯ ಗೋಡೆಯಲ್ಲಿ ಎಷ್ಟು ವೋಲ್ಟ್ ಬರುತ್ತೆ ಅಂತ ಗೊತ್ತಾ ಅಂತ ಯಾರೂ ಕೇಳಲ್ಲ.

ಇದು ತಗೊಂಡವನ ಕತೆ ಆಯಿತು. ಅದೇ ತಿಂಗಳು ಇನ್ನೊಂದು ಕಡೆ ನಾನು ಕೊಟ್ಟವನ ಸ್ಥಾನದಲ್ಲಿದ್ದೆ, ಮತ್ತೆ ಕೊಟ್ಟಿದ್ದಕ್ಕೆ ಕೋಪದಲ್ಲಿ ಕುದಿಯುತ್ತಿದ್ದೆ. ನೀವೂ ಕುದ್ದಿರಬಹುದು.

ನಮ್ಮಲ್ಲಿ ಲಸಿಕೆ ಶುರುವಾದದ್ದು 2021ರ ಜನವರಿ 16ಕ್ಕೆ. ನಾಲ್ಕೇ ದಿನಕ್ಕೆ, 20ಕ್ಕೆ, ಭೂತಾನಿಗೂ ಮಾಲ್ಡೀವ್ಸಿಗೂ ಕೋವಿಶೀಲ್ಡ್ ಹೊತ್ತ ವಿಮಾನ ಹೋಯಿತು. ವ್ಯಾಕ್ಸಿನ್ ಮೈತ್ರಿ ಅಂತ ಹೆಸರು. ಮಾರ್ಚ್ ಕೊನೆಯಲ್ಲಿ ವಿಶ್ವಸಂಸ್ಥೆಯಲ್ಲಿ ನಮ್ಮ ಪ್ರತಿನಿಧಿ, ನಮ್ಮ ಜನಕ್ಕೆ ಹಾಕಿದ್ದಕ್ಕಿಂತ ಹೆಚ್ಚು ಲಸಿಕೆಯನ್ನು ಭಾರತ ಹೊರಗೆ ಕಳಿಸಿದೆ ಅಂತ ಹೆಮ್ಮೆಯಿಂದ ಹೇಳಿದರು. ನಾಲ್ಕು ವಾರಕ್ಕೆ ಸ್ಮಶಾನಗಳ ಮುಂದೆ ಆಂಬುಲೆನ್ಸಿನ ಸಾಲು ನಿಂತಿತು. ನಮ್ಮಪ್ಪ ಟಿವಿ ನೋಡುತ್ತಾ 'ಮನೆಗೆ ಮಾರಿ, ಊರಿಗೆ ಉಪಕಾರಿ' ಅಂದರು. ನಾನು ಅದನ್ನೇ ಸ್ಟೇಟಸ್ ಮಾಡಿಕೊಂಡೆ. ನಮ್ಮ ಮಕ್ಕಳ ಲಸಿಕೆಯನ್ನು ಯಾಕೆ ವಿದೇಶಕ್ಕೆ ಕಳಿಸಿದಿರಿ ಅಂತ ದೆಹಲಿಯಲ್ಲಿ ಪೋಸ್ಟರ್ ಅಂಟಿಸಿದವರನ್ನು ಪೊಲೀಸರು ಹಿಡಿದಾಗ ಆ ಪೋಸ್ಟರನ್ನೂ ಹಂಚಿಕೊಂಡೆ.

ಲೆಕ್ಕ ಸ್ವಲ್ಪ ನೋಡಿ. ಆ ಮೇ ಕೊನೆಯವರೆಗೆ ಭಾರತದಿಂದ 95 ದೇಶಗಳಿಗೆ ಹೋದದ್ದು ಸುಮಾರು 6.6 ಕೋಟಿ ಡೋಸ್. ಅದರಲ್ಲಿ ಪುಕ್ಕಟೆ ಕೊಟ್ಟದ್ದು ಸುಮಾರು 1 ಕೋಟಿ. ಸುಮಾರು 3.6 ಕೋಟಿ ಮಾರಿದ್ದು. ಉಳಿದ ಸುಮಾರು 2 ಕೋಟಿ, ಬಡ ದೇಶಗಳಿಗೆ ಅಂತ ಮಾಡಿದ್ದ ಕೋವ್ಯಾಕ್ಸ್ ವ್ಯವಸ್ಥೆಗೆ. ಮೈತ್ರಿ ಅಂತ ಹೆಸರಿಟ್ಟದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ವ್ಯಾಪಾರ. ವ್ಯಾಪಾರ ತಪ್ಪು ಅಂತ ಹೇಳ್ತಿಲ್ಲ, ಅದನ್ನು ಕೊಡುಗೆ ಅಂತ ಕರೆದದ್ದು ಸರಿಯಿಲ್ಲ ಅಷ್ಟೇ. 6.6 ಕೋಟಿ ಅಂದರೆ 3.3 ಕೋಟಿ ಜನಕ್ಕೆ ಎರಡೂ ಡೋಸ್. ಹತ್ತಿರ ಹತ್ತಿರ ಅರ್ಧ ಕರ್ನಾಟಕ. ಇದು ಸಣ್ಣ ಸಂಖ್ಯೆ ಅಲ್ಲ. ಅದಿದ್ದಿದ್ದರೆ ಎರಡನೇ ಅಲೆ ಬರುತ್ತಲೇ ಇರಲಿಲ್ಲ ಅನ್ನುವಷ್ಟು ದೊಡ್ಡದೂ ಅಲ್ಲ. ನನ್ನ ಸ್ಟೇಟಸ್ಸಿನಲ್ಲಿ ಈ ಯಾವ ಲೆಕ್ಕವೂ ಇರಲಿಲ್ಲ.

ಜನರ ಸಿಟ್ಟು ಸರ್ಕಾರಕ್ಕೆ ಮುಟ್ಟಿತೋ, ಅಲೆಯೇ ಮುಟ್ಟಿತೋ, ಅಂತೂ ಮಾರ್ಚ್ ಕೊನೆಯ ಹೊತ್ತಿಗೆ ರಫ್ತು ಹೆಚ್ಚುಕಮ್ಮಿ ನಿಂತೇಹೋಯಿತು. ನನಗೆ ಸಮಾಧಾನ ಆಯಿತು. ನಮ್ಮ ಮನೆಗೆ ಬೆಂಕಿ ಬಿದ್ದಾಗ ನಮ್ಮ ಬಾವಿಯ ನೀರು ನಮಗೆ. ಇದರಲ್ಲಿ ತಪ್ಪೇನು?

ತಪ್ಪೇನು ಅಂತ ತೋರಿಸಿಕೊಟ್ಟವರು ನಮ್ಮ ಗೇಟಿನಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದ ಸೆಕ್ಯೂರಿಟಿಯವರು. ನೇಪಾಳದ ಪಶ್ಚಿಮದ ಬೆಟ್ಟದ ಕಡೆಯವರು, ಹನ್ನೊಂದು ವರ್ಷದಿಂದ ಬೆಂಗಳೂರಿನಲ್ಲಿದ್ದಾರೆ. ಜೂನ್‌ನಲ್ಲಿ ಒಂದು ಸಂಜೆ ನಾನು ಅಪ್ಪನನ್ನು ಎರಡನೇ ಡೋಸಿಗೆ ಕರೆದುಕೊಂಡು ಹೋಗಿ ವಾಪಸ್ ಬಂದಾಗ ಕೇಳಿದರು: 'ಸಾರ್, ಯಜಮಾನ್ರಿಗೆ ಎರಡ್ನೇದು ಆಯ್ತಾ? ನಮ್ಮಮ್ಮಂಗೂ ಇದೇ ಹಾಕಿದ್ದು, ಕೋವಿಶೀಲ್ಡು. ಮಾರ್ಚಲ್ಲಿ. ಎರಡ್ನೇದು ಬರ್ಲೇ ಇಲ್ಲ ಅಂತಾರೆ. ಇಲ್ಲಿಂದ ಯಾವಾಗ ಕಳಿಸ್ತಾರಂತೆ ಸಾರ್?'

ನನಗೆ ಉತ್ತರ ಗೊತ್ತಿರಲಿಲ್ಲ. ರಾತ್ರಿ ಕೂತು ಹುಡುಕಿದೆ. ನೇಪಾಳಕ್ಕೆ ಜನವರಿಯಲ್ಲಿ 10 ಲಕ್ಷ ಡೋಸ್ ಉಡುಗೊರೆ ಹೋಗಿತ್ತು. ಆಮೇಲೆ ಅವರು ದುಡ್ಡು ಕೊಟ್ಟು 20 ಲಕ್ಷ ಕೊಂಡಿದ್ದರು. ಅದರಲ್ಲಿ ಅರ್ಧ ಮಾತ್ರ ತಲುಪಿತ್ತು. ಈ ಭರವಸೆಯ ಮೇಲೆ ಅವರು ಮಾರ್ಚ್‌ನಲ್ಲಿ 65 ದಾಟಿದವರಿಗೆಲ್ಲ ಮೊದಲ ಡೋಸ್ ಹಾಕಿಬಿಟ್ಟರು. ಬಾಗಿಲು ಮುಚ್ಚಿತು. ಸುಮಾರು 13 ಲಕ್ಷ ಅಜ್ಜ ಅಜ್ಜಿಯರು ಒಂದು ಡೋಸ್ ಹಾಕಿಸಿಕೊಂಡು ಎರಡನೆಯದಕ್ಕೆ ಕಾಯುತ್ತಾ ಕೂತರು. ಅದೇ ಹೊತ್ತಿಗೆ ಅಲ್ಲೂ ಎರಡನೇ ಅಲೆ ಬಂತು.

ಭೂತಾನ್ ಇನ್ನೂ ಜಾಣತನ ಮಾಡಿತ್ತು. ಜನವರಿಯಲ್ಲೇ ಬಂದ ಒಂದೂವರೆ ಲಕ್ಷ ಡೋಸನ್ನು ಮುಟ್ಟಲಿಲ್ಲ. ಮಾರ್ಚ್‌ನಲ್ಲಿ ಇನ್ನೂ 4 ಲಕ್ಷ ಬಂದು ಎಲ್ಲರಿಗೂ ಆಗುವಷ್ಟು ಆದ ಮೇಲೆ, ಲಾಮಾಗಳು ಒಳ್ಳೆಯ ದಿನ ನೋಡಿಕೊಟ್ಟ ಮೇಲೆ, 27ಕ್ಕೆ ಶುರು ಮಾಡಿತು. ಮುಹೂರ್ತ ಕೇಳಿದ್ದಕ್ಕೆ ನಕ್ಕವರಿದ್ದಾರೆ. ಎರಡು ವಾರ ಕಳೆಯುವಷ್ಟರಲ್ಲಿ ಅರ್ಹ ವಯಸ್ಕರಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಜನಕ್ಕೆ ಹಾಕಿ ಮುಗಿಸಿದ್ದರು. ಅವರೂ ಎರಡನೇ ಡೋಸಿಗೆ ಸಿಕ್ಕಿಬಿದ್ದರು. ಜುಲೈನಲ್ಲಿ ಅಮೆರಿಕದ ಮಾಡರ್ನಾ, ಡೆನ್ಮಾರ್ಕಿನ ಆಸ್ಟ್ರಾಜೆನೆಕಾ ಬಂದು ಅವರ ಕೆಲಸ ಮುಂದುವರಿಯಿತು. ನೇಪಾಳದ ಹಿರಿಯರಿಗೆ ಆಗಸ್ಟಿನಲ್ಲಿ ಜಪಾನಿನಿಂದ 16 ಲಕ್ಷ ಡೋಸ್ ಬಂತು. ನಮ್ಮ ಸೆಕ್ಯೂರಿಟಿಯವರ ತಾಯಿ ಅದನ್ನೇ ಹಾಕಿಸಿಕೊಂಡರು. 'ಮೊದಲ ಸೂಜಿ ನಿಮ್ದು, ಎರಡ್ನೇದು ಜಪಾನ್‌ದು ಸಾರ್' ಅಂತ ಅವರು ನಗುತ್ತಾ ಹೇಳಿದರು. ಆ ನಗು ನನಗೆ ಒಂದು ವಾರ ನಿದ್ದೆ ಕೆಡಿಸಿತು.

ಪೀಟರ್ ಸಿಂಗರ್ ಅನ್ನೋ ತತ್ತ್ವಶಾಸ್ತ್ರಜ್ಞರ ಹೆಸರು ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. 1972ರಲ್ಲಿ ಅವರು ಒಂದು ಪ್ರಬಂಧ ಪ್ರಕಟಿಸಿದರು. ಅವರ ಮುಂದೆ ಇದ್ದ ಉದಾಹರಣೆ ನಮ್ಮ ನೆರೆಯದೇ, 1971ರ ಪೂರ್ವ ಬಂಗಾಳದ ನಿರಾಶ್ರಿತರದ್ದು. ದಾರಿಯಲ್ಲಿ ಹೋಗ್ತಾ ಇದ್ದೀರಿ, ಕೊಳದಲ್ಲಿ ಒಂದು ಮಗು ಮುಳುಗ್ತಾ ಇದೆ. ಬಟ್ಟೆ ಕೊಳೆಯಾಗುತ್ತೆ ಅಂತ ಸುಮ್ಮನೆ ಹೋಗ್ತೀರಾ? ಇಲ್ಲ ತಾನೇ. ಹಾಗಾದರೆ ಆ ಮಗು ಹತ್ತು ಗಜ ದೂರ ಇದ್ದರೇನು, ಹತ್ತು ಸಾವಿರ ಮೈಲಿ ದೂರ ಇದ್ದರೇನು, ಅಂತ ಅವರ ವಾದ. ದೂರ ಅನ್ನೋದು ನೈತಿಕ ನೆಪ ಆಗಲಾರದು. ಕಾಲೇಜಿನಲ್ಲಿ ಓದಿದಾಗ ನನಗೆ ಇದಕ್ಕೆ ಎದುರಾಡೋಕೆ ಏನೂ ಹೊಳೆದಿರಲಿಲ್ಲ. ಈಗಲೂ ದೂರದ ವಿಷಯದಲ್ಲಿ ಅವರು ಹೇಳಿದ್ದು ಸರಿ ಅಂತಲೇ ಅನ್ಸುತ್ತೆ.

ಆದರೆ ಆ ಕೊಳದ ಉದಾಹರಣೆಯಲ್ಲಿ ಒಂದು ಅನುಕೂಲ ಇದೆ. ಮಗುವನ್ನು ಎತ್ತಿ ದಡದ ಮೇಲೆ ಇಟ್ಟರೆ ಕೆಲಸ ಮುಗಿಯಿತು. ಔಷಧಿ ಕಳಿಸೋದು ಹಾಗಲ್ಲ. ಅದು ಮಗುವಿನ ಕೈ ಹಿಡಿದುಕೊಳ್ಳೋದು ಮಾತ್ರ, ಇನ್ನೂ ನೀರಿನಲ್ಲೇ ಇರುತ್ತೆ. ನೀವು ಹೋಗಿ ಹಿಡಿದದ್ದರಿಂದ ಆ ಮಗು ತಾನು ಹಿಡಿದುಕೊಂಡಿದ್ದ ಬೇರನ್ನೋ ಕೊಂಬೆಯನ್ನೋ ಬಿಟ್ಟಿದೆ. ಅಷ್ಟರಲ್ಲಿ ನಿಮ್ಮ ಮನೆಯಿಂದ ಯಾರೋ ಕೂಗಿದರು ಅಂತ ಕೈ ಬಿಟ್ಟು ಓಡಿದರೆ, ನೀವು ಬರದೇ ಇದ್ದ ದಾರಿಹೋಕನಿಗಿಂತ ಒಳ್ಳೆಯವರಾ, ಕೆಟ್ಟವರಾ?

ಮನೆಯಿಂದ ಕೂಗಿದ್ದು ಸುಳ್ಳಲ್ಲ. ಕೂಗಿದವರಲ್ಲಿ ನಾನೂ ಒಬ್ಬ. ನಮ್ಮ ದೇಶ ಮೊದಲು ತನ್ನ ಜನರನ್ನು ನೋಡಿಕೊಳ್ಳಬೇಕು ಅನ್ನೋದನ್ನು ನಾನು ಸ್ವಾರ್ಥ ಅಂತ ತಳ್ಳಿಹಾಕೋಕೆ ತಯಾರಿಲ್ಲ. ಅಪ್ಪ ಅಮ್ಮನಿಗೆ ತಮ್ಮ ಮಕ್ಕಳ ಮೇಲೆ ಹೆಚ್ಚು ಜವಾಬ್ದಾರಿ ಇರುತ್ತೆ, ಹಾಗೇ. ಜನವರಿಯಲ್ಲೇ 'ಈಗ ಕೊಡೋಕೆ ಆಗಲ್ಲ, ಕ್ಷಮಿಸಿ' ಅಂದಿದ್ದರೆ ನೇಪಾಳದವರು ಬೇರೆ ಬಾಗಿಲು ತಟ್ಟುತ್ತಿದ್ದರು, ಮೊದಲ ಡೋಸನ್ನು ಇನ್ನೊಂದು ಲೆಕ್ಕದಲ್ಲಿ ಹಂಚುತ್ತಿದ್ದರು. ಅದು ಮರ್ಯಾದೆಯ ಇಲ್ಲ. ಆದರೆ ಒಂದು ಡೋಸ್ ಒಬ್ಬ ಮುದುಕಿಯ ತೋಳಿಗೆ ಹೋದ ಮೇಲೆ ಎರಡನೆಯದು ಉಡುಗೊರೆ ಅಲ್ಲ, ಸಾಲ. ನಮ್ಮಪ್ಪನ ಎರಡನೇ ಡೋಸೂ ಆ ತಾಯಿಯ ಎರಡನೇ ಡೋಸೂ ಒಂದೇ ಸರತಿಯಲ್ಲಿ ಇದ್ದವು ಅಂತ ನನಗೆ ಈಗ ಅನಿಸುತ್ತೆ. ಇಬ್ಬರ ಮುಂದೆಯೂ ಇನ್ನೂ ಒಂದೂ ಡೋಸ್ ಸಿಗದ ನಾನು ಇರಬಾರದಿತ್ತು. ಮೇ 1ಕ್ಕೆ 18 ದಾಟಿದವರಿಗೂ ಬಾಗಿಲು ತೆಗೆದಾಗ ಕೋವಿನ್‌ನಲ್ಲಿ ರಾತ್ರಿ ಕೂತು ಸ್ಲಾಟ್ ಹಿಡಿದವನು ನಾನು. ಮೂವತ್ತೊಂದು ವಯಸ್ಸು, ಮನೆಯಿಂದಲೇ ಕೆಲಸ. ನನ್ನ ತೋಳಿಗೆ ಹೋದದ್ದು ಯಾರ ಪಾಲಿನದು ಅಂತ ಲೆಕ್ಕ ಹಾಕೋಕೆ ಆಗಲ್ಲ. ಹಾಗಂತ ಅದು ಯಾರದ್ದೂ ಅಲ್ಲ ಅಂತಲೂ ಅಲ್ಲ.

ನಾವು ಬಾಗಿಲು ಹಾಕಿಕೊಂಡ ಆ ತಿಂಗಳುಗಳಲ್ಲೇ ಬೇರೆಯವರು ನಮಗೆ ಬಾಗಿಲು ತೆಗೆದದ್ದನ್ನೂ ಹೇಳಬೇಕು. ಮೇ 5ಕ್ಕೆ ಐಎನ್‌ಎಸ್ ತಲ್ವಾರ್ ಹಡಗು ಬಹ್ರೇನ್‌ನಿಂದ 40 ಟನ್ ದ್ರವ ಆಮ್ಲಜನಕ ಹೊತ್ತು ನವಮಂಗಳೂರು ಬಂದರಿಗೆ ಬಂತು. ಬಹ್ರೇನಿನಲ್ಲೂ ಆಗ ಸೋಂಕು ಏರುತ್ತಿತ್ತು. ಕೀನ್ಯಾ 12 ಟನ್ ಚಹಾ, ಕಾಫಿ, ಕಡಲೆಕಾಯಿ ಕಳಿಸಿತು. ನಮ್ಮವರು ಅಂತರ್ಜಾಲದಲ್ಲಿ ಅದನ್ನು ಎಷ್ಟು ಆಡಿಕೊಂಡರು ಅಂದರೆ! ಕಡಲೆಕಾಯಿ ಕೊಟ್ಟರೆ ಉಸಿರಾಟ ಸರಿಹೋಗುತ್ತಾ ಅಂತ. ನನಗೆ ಆ ಚಹಾದಲ್ಲಿ ತಪ್ಪು ಕಾಣಲ್ಲ. ಅದು ಔಷಧಿಯ ವೇಷ ಹಾಕಿಕೊಂಡು ಬರಲಿಲ್ಲ. ರಾತ್ರಿಯಿಡೀ ನಿಂತ ನರ್ಸಿಗೆ ಒಂದು ಲೋಟ ಟೀ ಆಗುತ್ತೆ. ಯಾರ ಗೋಡೌನಿನಲ್ಲೂ ಅದನ್ನು ಆರು ತಿಂಗಳು ಸುಡಬೇಕಾಗಲ್ಲ.

ಇಲ್ಲಿ ಇನ್ನೊಂದು ವಿಷಯ ಬಿಟ್ಟರೆ ನನ್ನ ಮಾತು ಅರ್ಧ ಆಗುತ್ತೆ. ಕಳಿಸೋದು ಅಂದರೆ ದಾನ ಮಾತ್ರ ಅಲ್ಲ. ಜಗತ್ತಿನ ಔಷಧಿ ಅಂಗಡಿ ಅಂತ ನಮ್ಮನ್ನು ನಾವೇ ಕರೆದುಕೊಳ್ಳುತ್ತೇವೆ, ಅದರಲ್ಲಿ ಹುರುಳಿದೆ. 2001ರಲ್ಲಿ ಏಡ್ಸ್ ಔಷಧಿಗೆ ಒಬ್ಬ ರೋಗಿಗೆ ವರ್ಷಕ್ಕೆ ಹತ್ತು ಸಾವಿರ ಡಾಲರಿಗೂ ಹೆಚ್ಚು ಆಗುತ್ತಿದ್ದಾಗ ಸಿಪ್ಲಾದ ಯೂಸುಫ್ ಹಮೀದ್ ಅದನ್ನು 350 ಡಾಲರಿಗೆ ಕೊಡುತ್ತೇನೆ ಅಂದರು. ಆಫ್ರಿಕಾದಲ್ಲಿ ಎಷ್ಟು ಜೀವ ಉಳಿಯಿತೋ. ಅದು ದಾನ ಅಲ್ಲ, ಮಾರಾಟ. ನನ್ನ ದೃಷ್ಟಿಯಲ್ಲಿ ಬೋಸ್ನಿಯಾದ 17,000 ಟನ್ ದಾನಕ್ಕಿಂತ ಆ ಮಾರಾಟ ದೊಡ್ಡದು. ಆದರೆ 2022ರ ಅಕ್ಟೋಬರಿನಲ್ಲಿ ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾದಲ್ಲಿ ಸುಮಾರು 70 ಮಕ್ಕಳು ಮೂತ್ರಪಿಂಡ ಕೆಟ್ಟು ಸತ್ತ ಸುದ್ದಿಯೂ ಬಂತು. ಹರಿಯಾಣದಲ್ಲಿ ತಯಾರಾದ ನಾಲ್ಕು ಸಿರಪ್ಪುಗಳಲ್ಲಿ ವಿಷ ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿತು. ನಮ್ಮ ಸರ್ಕಾರ ಸಂಬಂಧ ಸಾಬೀತಾಗಿಲ್ಲ ಅಂತ ವಾದಿಸಿತು. ಆಮೇಲೆ, 2023ರ ಜೂನ್ 1ರಿಂದ, ರಫ್ತಾಗುವ ಕೆಮ್ಮಿನ ಸಿರಪ್ಪು ಸರ್ಕಾರಿ ಪ್ರಯೋಗಾಲಯದಲ್ಲಿ ಪಾಸಾಗಬೇಕು ಅಂತ ನಿಯಮ ಬಂತು. ರಫ್ತಾಗುವ, ಅಂತ ಇದೆ, ಗಮನಿಸಿ. ಅದಕ್ಕೂ ಮೂರು ವರ್ಷ ಹಿಂದೆ ಜಮ್ಮುವಿನ ರಾಮನಗರದಲ್ಲಿ ಇಂಥದ್ದೇ ಸಿರಪ್ಪು ಕುಡಿದು ಹತ್ತಕ್ಕೂ ಹೆಚ್ಚು ಮಕ್ಕಳು ಸತ್ತಿದ್ದವು. ಆಗ ನಮ್ಮಲ್ಲಿ ಎಷ್ಟು ಜನಕ್ಕೆ ಸಿಟ್ಟು ಬಂತು? ನಾನಂತೂ ಆ ಸುದ್ದಿಯನ್ನೇ ಓದಿರಲಿಲ್ಲ. ಮನೆಯಲ್ಲಿ ರುಚಿ ನೋಡದ ಅಡಿಗೆಯನ್ನು ಪಕ್ಕದ ಮನೆಗೆ ಕೊಟ್ಟು ಕಳಿಸಿದ ಹಾಗೆ. ಗಾದೆಯಲ್ಲಿ ಇಂಥವರಿಗೆ ಜಾಗವೇ ಇಲ್ಲ. ಮನೆಗೂ ಮಾರಿ, ಊರಿಗೂ ಮಾರಿ.

ಪೆಟ್ಟಿಗೆಗಳ ವಿಷಯ ಏನಾಯಿತು ಅಂತ ಹೇಳಿಬಿಡ್ತೀನಿ. ಬಿ ಬ್ಲಾಕಿನ ಆಂಟಿ ಗುಂಪಿನಲ್ಲಿ ವಾದ ಮಾಡಲಿಲ್ಲ. ಮೂರೂ ಪೆಟ್ಟಿಗೆಯನ್ನು ತಮಗೆ ಗೊತ್ತಿದ್ದ ಒಂದು ಆಸ್ಪತ್ರೆಯ ಜೈವಿಕ ತ್ಯಾಜ್ಯದ ಗಾಡಿಗೆ ಹಾಕಿಸಿದರು, ಆಮೇಲೆ ಮನೆಮನೆಗೆ ಹೋಗಿ ದುಡ್ಡು ಕೇಳಿದರು. ಔಷಧಿ ಕೊಟ್ಟಿದ್ದ ಅರ್ಧಕ್ಕರ್ಧ ಮನೆಯವರು ದುಡ್ಡು ಕೊಡಲಿಲ್ಲ. ಬಂದಷ್ಟನ್ನು, ಅಲ್ಲಿ ಆಗಲೇ ಕೆಲಸ ಮಾಡುತ್ತಿದ್ದ ಒಂದು ಪರಿಹಾರ ಸಂಸ್ಥೆಗೆ ಹಾಕಿದೆವು. ಫೋಟೋ ತೆಗೆಯೋಕೆ ಏನೂ ಇರಲಿಲ್ಲ.

ಆ ವರ್ಷದ ಡಿಸೆಂಬರಿನಲ್ಲಿ ಭಾವ ರಜಕ್ಕೆ ಬಂದಿದ್ದರು. ಮಧ್ಯಾಹ್ನ ಊಟ ಆದ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಕೇಳಿದರು: 'ಆ ಮಷೀನು ಮಾವಂಗೆ ಎಷ್ಟು ದಿನ ಓಡ್ತೋ?' ಚಿಕ್ಕಮ್ಮ ಅಡಿಗೆಮನೆ ಬಾಗಿಲಲ್ಲಿ ನಿಂತಿದ್ದರು. ನಾನು ಅವರ ಕಡೆ ನೋಡಲಿಲ್ಲ. 'ಓಡ್ಲಿಲ್ಲ ಭಾವ' ಅಂದೆ. ವೋಲ್ಟು, ಹರ್ಟ್ಸು, ಎಸ್‌ಪಿ ರೋಡು, ಎಲ್ಲ ಹೇಳಿದೆ. ಅವರು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, 'ಅದೇ ಮಾಡೆಲ್ ಅರವತ್ತು ಕಳಿಸಿದ್ವಿ ಕಣೋ' ಅಂದರು. 'ಧಾರವಾಡಕ್ಕೆ, ಹಾಸನಕ್ಕೆ, ಎಲ್ಲಾ ಕಡೆಗೆ. ಎಲ್ಲರೂ ಥ್ಯಾಂಕ್ಸ್ ಹೇಳಿದ್ರು.'

ಅಟ್ಟದಿಂದ ಯಂತ್ರ ಇಳಿಸಿ ಅದರ ಬೆನ್ನಿನ ಬರಹವನ್ನು ಅವರೇ ಒಮ್ಮೆ ಓದಿದರು. ಯಾವ್ಯಾವ ವಿಳಾಸಕ್ಕೆ ಹೋಯಿತು ಅನ್ನೋ ಪಟ್ಟಿ ಅವರ ಗೆಳೆಯನ ಹತ್ತಿರ ಇರಬೇಕು ಅಂತ ಫೋನ್ ತೆಗೆದರು. ಅಲ್ಲಿ ಆಗ ಬೆಳಗಿನ ಜಾವ ನಾಲ್ಕು ಗಂಟೆ. ಆದರೂ ಮಾಡಿದರು.